ನಲವತ್ತೇಳರಲ್ಲಿ ಬಸ್ಕಿ: ನನ್ನ ಅನುಭವ

ಗ್ಯಾಸ್ ಮುಗಿದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ತುಂಬಿದ ಸಿಲಿಂಡರ್ ಹಿತ್ತಿಲಿನಿಂದ ಅಡುಗೆಮನೆಗೆ ಬರಬೇಕು, ನಡುವೆ ಎರಡೇ ಮೆಟ್ಟಿಲು. ನನ್ನ ಕೈಲಿ ಆಗಲಿಲ್ಲ. ಒಳಗಿನ ಗ್ಯಾಸ್ 14.2 ಕೆಜಿ, ಖಾಲಿ ಸಿಲಿಂಡರ್ ಸುಮಾರು 15–16 ಕೆಜಿ (ಹಿಡಿಕೆ ಹತ್ತಿರ ಬರೆದಿರುತ್ತದೆ, ನೋಡಿ). ಒಟ್ಟು 30 ಕೆಜಿ. ಪಕ್ಕದ ಮನೆ ಹುಡುಗ ಬಂದು, ‘ಬಿಡಿ ಆಂಟಿ’ ಅಂತ ಒಂದೇ ಸಲಕ್ಕೆ ಎತ್ತಿಟ್ಟು ಹೋದ. ನನಗಾಗ 47.

ದಾವಣಗೆರೆ ಗರಡಿ ಮನೆಗಳ ಊರು. ನಮ್ಮಜ್ಜ ಕೆಮ್ಮಣ್ಣಿನಲ್ಲಿ ಸಾಮು ಮಾಡಿದವರು. ಆದರೆ ನಮಗೆ ಹೆಣ್ಣುಮಕ್ಕಳಿಗೆ ಬಸ್ಕಿ ಅಂದರೆ ಶಾಲೆಯಲ್ಲಿ ಕೊಡುವ ಶಿಕ್ಷೆ, ಅಷ್ಟೇ. ವರ್ಷಗಳಿಂದ ವಾಕಿಂಗ್ ಮಾಡುತ್ತಿದ್ದೆ. ಅದು ಹೃದಯಕ್ಕೆ ಒಳ್ಳೆಯದೇ. ಭಾರ ಎತ್ತುವ ಕಸುವು ಮಾತ್ರ ಅದರಿಂದ ಬಂದಿರಲಿಲ್ಲ.

ಜಿಮ್ ಸೇರಿದೆ. ಮೊದಲ ದಿನವೇ ಟ್ರೈನರ್ ನೂರು ಬಸ್ಕಿ ಹೊಡೆಸಿದ. ಅವತ್ತು ಆರಾಮಾಗೇ ಇದ್ದೆ. ಮಾರನೇ ದಿನದಿಂದ ಮೂರು ದಿನ ಪಾಯಿಖಾನೆಯಲ್ಲಿ ಗೋಡೆ ಹಿಡಿದು ಕೂರಬೇಕಾಯಿತು! ‘ನೋವು ಬಂದ್ರೇನೇ ಮೇಡಂ ಕೆಲಸ ಆಗಿದೆ ಅಂತ’ ಎಂದ. ಸುಳ್ಳು. ರೂಢಿಯಿಲ್ಲದ ಕೆಲಸ ಮಾಡಿದರೆ ಸ್ನಾಯು ನೋಯುತ್ತದೆ. ನೋಯದಿದ್ದರೂ ಅದು ಬಲಿಯುತ್ತದೆ. ಆ ಜಿಮ್ ಬಿಟ್ಟೆ.

ಮನೆಯಲ್ಲೇ ಶುರು ಮಾಡಿದೆ. ವಾರಕ್ಕೆ ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳಿಗೆಲ್ಲ ಕೆಲಸ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಮೂರು ದಿನ ಇಟ್ಟುಕೊಂಡೆ, ನಡುವೆ ಒಂದೊಂದು ದಿನ ಬಿಡುವು. ಕುರ್ಚಿಗೆ ಸೊಂಟ ತಾಗಿಸಿ ಏಳುವುದು, ಎಂಟರಂತೆ ಮೂರು ಸೆಟ್. ದಂಡ (ಪುಶ್-ಅಪ್) ನೆಲದ ಮೇಲೆ ಒಂದೂ ಬರುತ್ತಿರಲಿಲ್ಲ. ಹಾಗಾಗಿ ಮೊದಲು ಗೋಡೆಗೆ ಕೈಯಿಟ್ಟು, ಆಮೇಲೆ ಅಡುಗೆ ಕಟ್ಟೆಗೆ. ಮಗನ ಹಳೇ ಸ್ಕೂಲ್ ಬ್ಯಾಗಿಗೆ ಒಂದೊಂದು ಕೆಜಿ ಅಕ್ಕಿ ಪೊಟ್ಟಣ ಹಾಕಿಕೊಂಡೆ. ಅದೇ ನನ್ನ ಡಂಬಲ್.

ಎಲ್ಲಕ್ಕಿಂತ ಜಾಸ್ತಿ ಒದ್ದಾಡಿದ್ದು ಬಗ್ಗುವುದನ್ನು ಕಲಿಯೋಕೆ. ನೆಲದಿಂದ ಏನೇ ಎತ್ತಿದರೂ ನಾನು ಬೆನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಿದ್ದೆ. ಎರಡೂ ಕೈಯಲ್ಲಿ ಸಾಮಾನಿದ್ದಾಗ ಹಿಂಬದಿಯಿಂದ ಬಾಗಿಲು ತಳ್ಳುತ್ತೀವಲ್ಲ, ಹಾಗೆ ಸೊಂಟ ಹಿಂದಕ್ಕೆ ಹೋಗಬೇಕು. ಗೋಡೆಗೆ ಒಂದು ಗೇಣು ಬಿಟ್ಟು, ಬೆನ್ನು ಕೊಟ್ಟು ನಿಂತು, ಕುಂಡೆಯಿಂದ ಗೋಡೆ ಮುಟ್ಟುವುದನ್ನು ಹದಿನೈದು ದಿನ ಮಾಡಿದೆ. ತೊಡೆಯ ಹಿಂಭಾಗ ಹಗ್ಗದ ಹಾಗೆ ಬಿಗಿಯಾದರೆ ಸರಿ ಬಂತು ಅಂತ ಲೆಕ್ಕ. ಎತ್ತುವಾಗ ಉಸಿರು ಬಿಡಬೇಕು. ಬಿಪಿ ಇರುವವರು ಉಸಿರು ಕಟ್ಟಿಕೊಂಡು ತಿಣುಕಲೇಬಾರದು, ಶುರು ಮಾಡುವ ಮೊದಲು ಡಾಕ್ಟರನ್ನೂ ಕೇಳಿಬಿಡಿ.

ಪ್ರತಿ ಸಲ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ: ಎಷ್ಟು ಕೆಜಿ, ಎಷ್ಟು ಸಲ. ಕೊನೇ ಸೆಟ್ ಮುಗಿದಾಗ ಇನ್ನೂ ಮೂರ್ನಾಲ್ಕು ಸಲ ಆಗುತ್ತಿತ್ತು ಅನ್ನಿಸಿದರೆ ಮುಂದಿನ ವಾರ ಒಂದು ಪೊಟ್ಟಣ ಜಾಸ್ತಿ. ಇಲ್ಲದಿದ್ದರೆ ಅಷ್ಟೇ ಭಾರ. ಆರೇ ವಾರದಲ್ಲಿ ಬ್ಯಾಗ್ ಮೂರು ಕೆಜಿಯಿಂದ ಎಂಟಕ್ಕೆ ಬಂತು. ತೋಳು ನೋಡಿದರೆ ಹಾಗೇ ಇದೆ! ಮೊದಮೊದಲು ಬಲ ಏರುವುದು ಹೆಚ್ಚಾಗಿ ನರಗಳಿಂದ. ಇರುವ ಸ್ನಾಯುವನ್ನೇ ಪೂರ್ತಿ ದುಡಿಸಲು ಅವು ಕಲಿಯುತ್ತವೆ. ಸ್ನಾಯು ದಪ್ಪ ಆಗಲು ತಿಂಗಳುಗಳೇ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಎರಡು ತಿಂಗಳಿಗೇ ಕೈಬಿಡುತ್ತಾರೆ.

ಊಟದ್ದು ಬೇರೆ ತಲೆನೋವು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ದೇಹದ ತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 62 ಕೆಜಿ ಇರುವ ನನಗೆ 51 ಗ್ರಾಂ, ಭಾರ ಎತ್ತುವವರಿಗೆ ಇನ್ನೂ ಜಾಸ್ತಿ ಬೇಕು. ಸಂಜೆಯ ಮಂಡಕ್ಕಿ ಮಿರ್ಚಿಯಿಂದ ಅದು ಬರಲ್ಲ, ಅಲ್ವಾ? ಎರಡು ಮೊಟ್ಟೆ (12 ಗ್ರಾಂ) ಸೇರಿಸಿದೆ, ರೊಟ್ಟಿ ಜೊತೆ ಕಾಳುಪಲ್ಯ ದುಪ್ಪಟ್ಟು ಮಾಡಿದೆ.

ಐದನೇ ತಿಂಗಳು ಸಿಲಿಂಡರನ್ನು ನಾನೇ ಒಳಗೆ ತಂದೆ. ಎರಡನೇ ಮೆಟ್ಟಿಲಲ್ಲಿ ಒಮ್ಮೆ ಇಳಿಸಿ ಸುಧಾರಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಈಗ ಬಸ್ಕಿಗೆ ಬ್ಯಾಗ್ 18 ಕೆಜಿ. ತಲೆ ಮೇಲೆ ಎತ್ತುವುದು ಮಾತ್ರ ಎರಡು ತಿಂಗಳಿಂದ ಏಳರಲ್ಲೇ ನಿಂತಿದೆ. ಒಮ್ಮೆಗೇ ಒಂದು ಕೆಜಿ ಏರಿಸುವುದು ಭುಜಕ್ಕೆ ಜಾಸ್ತಿ ಆಗುತ್ತಿದೆ ಅನ್ನಿಸುತ್ತದೆ. ನಾಳೆ ಕಾಲು ಕೆಜಿ ಪೊಟ್ಟಣ ಕಟ್ಟಬೇಕು.