ಮುಂಚಕ್ರದ ಟಕ್ ಟಕ್: ಸ್ಟ್ರಟ್ ಬಿಚ್ಚುವ ಮೊದಲು, ಬಿಚ್ಚುವಾಗ

ದಾವಣಗೆರೆಯಿಂದ ಚಿತ್ರದುರ್ಗದವರೆಗೆ ಹೆದ್ದಾರಿ 48ರಲ್ಲಿ ಸುಮ್ಮನಿದ್ದ ಕಾರು ಹೊಳಲ್ಕೆರೆ ಕಡೆಯ ಹಳ್ಳಿ ದಾರಿಗೆ ಇಳಿದೊಡನೆ ಮುಂಚಕ್ರದ ಹತ್ತಿರ ಟಕ್ ಟಕ್ ಎಂದರೆ, ಶಾಕ್ (ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್) ಹೋಯಿತೆಂದು ತೀರ್ಮಾನಿಸಬೇಡಿ. ಅಲ್ಲಿ ಏನೇನು ಕೂತಿದೆ ಎಂದು ಮೊದಲು ತಿಳಿಯಬೇಕು.

ಸ್ವಿಫ್ಟ್, ಐ20ಯಂಥ ಕಾರುಗಳ ಮುಂದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇಂಗ್ಲೆಂಡಿನ ಫೋರ್ಡ್ 1950ರಲ್ಲೇ ಕಾನ್ಸಲ್, ಝೆಫಿರ್ ಕಾರುಗಳಿಗೆ ಇದನ್ನು ಹಾಕಿತ್ತು. ಶಾಕ್ ಅಬ್ಸಾರ್ಬರ್ ಒಂದು ಕಂಬ, ಸುತ್ತ ಸ್ಪ್ರಿಂಗ್. ಬುಡವನ್ನು ಎರಡು ದಪ್ಪ ಬೋಲ್ಟು ನಕಲ್‌ಗೆ, ಅಂದರೆ ಚಕ್ರವನ್ನು ಹೊತ್ತ ಲೋಹದ ಗೆಣ್ಣಿಗೆ, ಬಿಗಿದಿರುತ್ತವೆ. ತಲೆ ರಬ್ಬರ್ ಮೌಂಟ್, ಬೇರಿಂಗ್ ಮೂಲಕ ಬಾನೆಟ್ ಒಳಗಿನ ಗೋಪುರಕ್ಕೆ ಸೇರುತ್ತದೆ. ಕೆಳಗೆ ಚಕ್ರವನ್ನು ಹಿಡಿದಿಡುವ ತೋಳು, ಲೋವರ್ ಆರ್ಮ್ ಇದೆ, ಮೇಲೆ ಆರ್ಮೇ ಇಲ್ಲ. ಆ ಕೆಲಸವನ್ನೂ ಶಾಕೇ ಮಾಡುತ್ತದೆ. ಇದರ ಗುಣ, ದೋಷ ಎರಡಕ್ಕೂ ಮೂಲ ಇದೇ.

ಭಾಗ ಕಡಿಮೆ, ಖರ್ಚು ಕಡಿಮೆ, ಎಂಜಿನ್ ಅಡ್ಡ ಕೂರಿಸಲು ಜಾಗ ಸಿಗುತ್ತದೆ. ಆದರೆ ಶಾಕಿನ ರಾಡ್ ಅಡ್ಡ ಒತ್ತಡ ತಾಳಿಕೊಂಡೇ ಮೇಲೆ ಕೆಳಗೆ ಜಾರಬೇಕು. ರಾಡಿಗೆ ದೂಳು ತಾಗದಂತೆ ಮುಚ್ಚುವ ಡಸ್ಟ್ ಬೂಟ್ ಹರಿದು ದೂಳು ಕೂತರೆ ಸೀಲ್ ಸವೆದು ಎಣ್ಣೆ ಸೋರುತ್ತದೆ. ಗುಂಡಿಗೆ ಬಿದ್ದು ಸ್ಟ್ರಟ್ ಬಾಗಿದರೆ ಚಕ್ರ ನಿಲ್ಲುವ ಕೋನವೇ ಕೆಟ್ಟು ಟೈರಿನ ಒಂದೇ ಅಂಚು ಸವೆಯುತ್ತದೆ. ತಿರುವಿನಲ್ಲಿ ಚಕ್ರವನ್ನು ನೆಟ್ಟಗಿಡಲು ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಷ್‌ಬೋನೇ ಮೇಲು. ದಿನದ ಓಡಾಟದ ಕಾರಿಗೆ ಸ್ಟ್ರಟ್ ಸಾಕು.

ಸಣ್ಣ ಉಬ್ಬುತಗ್ಗಿಗೆಲ್ಲ ಟಕ್ ಟಕ್ ಎಂದರೆ ಮೊದಲ ಅನುಮಾನ ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಅಡ್ಡ ಸರಳನ್ನು ಸ್ಟ್ರಟ್ಟಿಗೆ ಸೇರಿಸುವ ಸಣ್ಣ ಕಡ್ಡಿ) ಮೇಲಿರಲಿ. ಕಾರು ಸಮ ನೆಲದಲ್ಲಿರುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಎಂಜಿನ್ ಆರಿಸಿ, ಕೈ ತೂರಿಸಿ ಅಲುಗಿಸಿ. ಸಡಿಲವಿದ್ದರೆ ಕೈಗೇ ತಿಳಿಯುತ್ತದೆ, ಅದೊಂದನ್ನು ಬದಲಿಸಿದರೆ ಮುಗಿಯಿತು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಕಟಕ್ ಎಂದರೆ ಮೌಂಟ್ ಬೇರಿಂಗ್ ನೋಡಿ. ಒಬ್ಬರು ತಿರುಗಿಸುತ್ತಿರಲಿ, ನೀವು ಸ್ಪ್ರಿಂಗಿನ ಹೊರಮೈಗೆ ಅಂಗೈ ಇಡಿ, ಬೆರಳು ಸುರುಳಿಗಳ ನಡುವೆ ಹೋಗದಿರಲಿ. ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ತಿರುಚಿಕೊಂಡು, ತಟ್ಟನೆ ಜಿಗಿದು ಬಿಡುವುದು ಅಂಗೈಗೆ ಬಡಿಯುತ್ತದೆ. ಶಾಕ್ ಹೋಗಿದ್ದರೆ ಕೊಳವೆ ಎಣ್ಣೆಯಿಂದ ಒದ್ದೆಯಾಗಿ ದೂಳು ಮೆತ್ತಿಕೊಂಡಿರುತ್ತದೆ. ಫೆಂಡರ್ ಒತ್ತಿ ಬಿಟ್ಟಾಗ ಕಾರು ಎರಡು ಮೂರು ಸಲ ಕುಣಿದರೂ ಶಾಕ್ ಮುಗಿದಿದೆ. ಕುಣಿಯಲಿಲ್ಲವೆಂದು ಮಾತ್ರ ಶಾಕ್ ಚೆನ್ನಾಗಿದೆ ಎನ್ನಲಾಗದು.

ಬದಲಿಸುವುದಾದರೆ ಎಡಬಲ ಎರಡನ್ನೂ ಬದಲಿಸಿ, ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಸಿದಾಗ ಹೊಡೆತ ತಾಳುವ ರಬ್ಬರ್), ಬೂಟ್ ಸಹ ಹೊಸದು ಹಾಕಿ. ಜಾಕಿ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಸುಗ್ಗಿಯಲ್ಲಿ ರಸ್ತೆಗೆ ಹಾಸಿದ ಹುರುಳಿ ಬಳ್ಳಿ ಮೇಲೆ ಓಡಿಸಿದ್ದರೆ ಆಕ್ಸಲಿಗೆ ಸುತ್ತಿದ್ದನ್ನು ಈಗಲೇ ಕತ್ತರಿಸಿ ತೆಗೆಯಿರಿ, ಎಬಿಎಸ್ ವೈರನ್ನು (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆಯದು) ಅದು ಎಳೆದು ಹರಿಯಬಲ್ಲದು. ಬ್ರೇಕ್ ಹೋಸ್, ಎಬಿಎಸ್ ವೈರ್, ಲಿಂಕ್ ರಾಡ್ ಬಿಡಿಸಿ. ನಕಲ್‌ನ ಎರಡು ಬೋಲ್ಟ್ ಕೂತ ಜಾಗಕ್ಕೆ ಗುರುತು ಹಾಕಿ ಬಿಚ್ಚಿ. ನಕಲ್ ಹೊರಕ್ಕೆ ವಾಲದಂತೆ ತಂತಿಯಿಂದ ಕಟ್ಟಿ, ಇಲ್ಲವಾದರೆ ಹೋಸ್ ಜಗ್ಗುತ್ತದೆ, ಆಕ್ಸಲ್ ಜಾಯಿಂಟ್ ಕಳಚುತ್ತದೆ. ಸ್ಟ್ರಟ್ಟನ್ನು ಕೆಳಗಿನಿಂದ ಹಿಡಿದುಕೊಂಡು ಗೋಪುರದ ಸುತ್ತಲಿನ ನಟ್‌ಗಳನ್ನು ಬಿಚ್ಚಿ.

ನಡುವಿನ ದೊಡ್ಡ ನಟ್ಟಿಗೆ ಮಾತ್ರ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈ ಹಾಕಲೇಬೇಡಿ. ಒತ್ತಿಕೊಂಡ ಸ್ಪ್ರಿಂಗ್ ಹಾರಿದರೆ ಪ್ರಾಣಕ್ಕೇ ಕುತ್ತು. ಕಂಪ್ರೆಸರಿನ ಎರಡೂ ಕೊಕ್ಕೆ ಎದುರುಬದುರು ಇರಲಿ, ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ಬಿಗಿಯುತ್ತ ಬನ್ನಿ. ಜೋಡಿಸುವಾಗ ಸ್ಪ್ರಿಂಗಿನ ತುದಿ ಅದು ಕೂರುವ ತಟ್ಟೆಯ ಮೆಟ್ಟಿಲಿಗೆ ತಾಗಿ ಕೂರಬೇಕು, ಅರ್ಧ ಇಂಚು ತಪ್ಪಿದರೂ ಹೊಸ ಸದ್ದು ಶುರು.

ಲೋವರ್ ಆರ್ಮಿನ ರಬ್ಬರ್ ಬುಷ್ ಬೋಲ್ಟ್ ಬಿಚ್ಚಿದ್ದರೆ ಕಾರಿನ ಭಾರ ಚಕ್ರದ ಮೇಲೆ ಇಳಿದ ನಂತರವೇ ಕೊನೆಯ ಬಿಗಿ ಕೊಡಿ. ತೂಗಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಲ್ಲ ನಟ್ಟುಗಳನ್ನೂ ಕಾರಿನ ಮ್ಯಾನ್ಯುಯಲ್‌ನ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿದು, ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ನೋಡಿ.