ಐವರು ಗೆಳೆಯರು, ನಾಲ್ಕು ದೇಶ, ಹತ್ತು ರಾತ್ರಿ: ಬೇಸಿಗೆಯ ಯುರೋಪ್ ಪ್ರವಾಸಕ್ಕೆ ತಯಾರಿ ಹೀಗೆ

ನಮ್ಮ ಮೊದಲ ಪಟ್ಟಿಯಲ್ಲಿ ಏಳು ದೇಶಗಳಿದ್ದವು. ರಜೆ ಸಿಗುವುದು ಹತ್ತು ರಾತ್ರಿ, ಹೋಗುವವರು ಐವರು, ಕೂತಿದ್ದು ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ. ಒಬ್ಬನಿಗೆ ಪ್ಯಾರಿಸ್ ಬೇಕೇ ಬೇಕು, ಇನ್ನೊಬ್ಬನಿಗೆ ಸ್ವಿಟ್ಜರ್ಲೆಂಡಿನ ಹಿಮ. ಮೂರನೆಯವನು, “ಅಲ್ಲೀತನಕ ಹೋಗಿ ರೋಮ್ ನೋಡದೆ ಬರೋಕಾಗುತ್ತೇನ್ಲೇ?” ಎಂದ. ಎರಡನೇ ಸುತ್ತಿನ ಕಾಫಿ ಮುಗಿಯುವ ಹೊತ್ತಿಗೆ ಪಟ್ಟಿ ಒಂದು ಪುಟ ತುಂಬಿತ್ತು. ಮರುದಿನ ಅದೇ ಪಟ್ಟಿಯ ಪಕ್ಕದಲ್ಲಿ ರೈಲು, ವಿಮಾನದ ಗಂಟೆಗಳನ್ನು ಬರೆದು ಕೂಡಿಸಿದಾಗ, ಹತ್ತು ದಿನದಲ್ಲಿ ಆರು ದಿನ ಬ್ಯಾಗು ಹೊತ್ತುಕೊಂಡೇ ಇರುತ್ತೇವೆ ಎಂದು ಗೊತ್ತಾಯಿತು.

ಅಲ್ಲಿಂದ ಮುಂದೆ ನಾವು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಟೂರ್ ಕಂಪನಿಯವರ ಬಸ್ಸಿನಲ್ಲಿ ಹೋಗುವವರಿಗೆ ಇದರಲ್ಲಿ ಅರ್ಧ ಬೇಕಾಗುವುದಿಲ್ಲ. ಗೆಳೆಯರೇ ಸೇರಿ, ತಾವೇ ಯೋಜಿಸಿ ಹೋಗಬೇಕು ಎನ್ನುವವರಿಗಾಗಿ ಈ ಬರಹ.

ದೇಶ ಬೇಡ, ರಾತ್ರಿ ಎಣಿಸಿ

ಊರಿಂದ ಊರಿಗೆ ಹೋಗುವ ಪ್ರತಿ ದಿನವೂ ಅರ್ಧ ದಿನವನ್ನು ನುಂಗುತ್ತದೆ. ಕೋಣೆ ಖಾಲಿ ಮಾಡುವುದು, ನಿಲ್ದಾಣಕ್ಕೆ ಹೋಗುವುದು, ಇಳಿದು ಮುಂದಿನ ಕೋಣೆ ಹುಡುಕುವುದು, ಎಲ್ಲ ಸೇರಿ. ಆದ್ದರಿಂದ ಒಂದು ಊರಿಗೆ ಮೂರು ರಾತ್ರಿಗಿಂತ ಕಡಿಮೆ ಕೊಡಬೇಡಿ. ಹತ್ತು ರಾತ್ರಿ ಎಂದರೆ ಮೂರು ಊರು, ಅಷ್ಟೇ.

ನಾವು ಆರಿಸಿಕೊಂಡದ್ದು ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್. ಕ್ರಮವಾಗಿ ಚೆಕ್, ಆಸ್ಟ್ರಿಯಾ, ಹಂಗೆರಿ ದೇಶಗಳ ರಾಜಧಾನಿಗಳು, ಮೂರೂ ಒಂದೇ ರೈಲು ದಾರಿಯಲ್ಲಿವೆ. ಪ್ರಾಗ್‌ನಿಂದ ವಿಯೆನ್ನಾಗೆ ಸುಮಾರು ನಾಲ್ಕು ಗಂಟೆ, ನಾವು ರೈಲಿನಲ್ಲಿ ಬೆಂಗಳೂರಿಗೆ ಹೋಗುವಷ್ಟೇ ಹೊತ್ತು. ವಿಯೆನ್ನಾದಿಂದ ಬುಡಾಪೆಸ್ಟಿಗೆ ಮೂರು ಗಂಟೆಯೂ ಬೇಡ. ನಾಲ್ಕನೆಯ ದೇಶವಾಗಿ ಸ್ಲೊವಾಕಿಯಾ ತಾನಾಗಿ ಸೇರಿಕೊಂಡಿತು. ಅದರ ರಾಜಧಾನಿ ಬ್ರಾಟಿಸ್ಲಾವಾ ವಿಯೆನ್ನಾದಿಂದ ರೈಲಿನಲ್ಲಿ ಒಂದು ಗಂಟೆ ದೂರ. ಬೆಳಿಗ್ಗೆ ಹೋಗಿ, ಡ್ಯಾನ್ಯೂಬ್ ನದಿಯ ಮೇಲಿನ ಕೋಟೆ ಹತ್ತಿಳಿದು, ಸಂಜೆ ಊಟಕ್ಕೆ ವಾಪಸ್ ಬರಬಹುದು. ಬ್ಯಾಗು ಕೋಣೆಯಲ್ಲೇ ಇರುತ್ತದೆ. ಒಂದು ಊರಲ್ಲಿ ಬೀಡುಬಿಟ್ಟು ಪಕ್ಕದ ದೇಶವನ್ನು ಹಗಲಲ್ಲಿ ನೋಡಿ ಬರುವ ಈ ಉಪಾಯವನ್ನು ಎಲ್ಲರಿಗೂ ಹೇಳುತ್ತೇನೆ.

ಗೆಳೆಯರ ಗುಂಪಿನಲ್ಲಿ ಪಟ್ಟಿ ಕಡಿಮೆ ಮಾಡುವುದು ನಾಜೂಕಿನ ಕೆಲಸ. ನಾವು ಮಾಡಿದ್ದಿಷ್ಟು: ಪ್ರತಿಯೊಬ್ಬನೂ ಒಂದೇ ಒಂದು ಆಸೆಯನ್ನು ಚೀಟಿಯಲ್ಲಿ ಬರೆಯಬೇಕು, ಊರಿನ ಹೆಸರು ಬರೆಯುವಂತಿಲ್ಲ. ಚೀಟಿ ಬಿಚ್ಚಿದಾಗ ಬಂದದ್ದು “ಹಳೇ ಕೋಟೆ”, “ನದಿ ಮೇಲೆ ದೋಣಿ”, “ಬಿಸಿನೀರಿನ ಕೊಳ”, “ಸಂಗೀತ”, “ಸುಮ್ಮನೆ ನಡೆದಾಡೋದು”. ಐದೂ ಆ ಮೂರು ಊರುಗಳಲ್ಲೇ ಸಿಗುತ್ತಿದ್ದವು. ಪ್ಯಾರಿಸ್ ಕೇಳಿದವನೇ ಮೊದಲು ಒಪ್ಪಿದ.

ನಡುವೆ ಯಾರಾದರೂ ಲಂಡನ್ ಎಂದರೆ ಅಲ್ಲೇ ತಡೆಯಿರಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿಗೆ ಷೆಂಗೆನ್ ವಲಯ ಎನ್ನುತ್ತಾರೆ, ಬ್ರಿಟನ್ ಅದರಲ್ಲಿಲ್ಲ. ಅದಕ್ಕೆ ಬೇರೆ ವೀಸಾ, ಬೇರೆ ಖರ್ಚು. ಮೇಲಾಗಿ ಲಂಡನ್‌ಗೆ ಹೋಗಿ ಮತ್ತೆ ಷೆಂಗೆನ್ ಒಳಗೆ ಬರಬೇಕಾದರೆ ಎರಡು ಬಾರಿ ಪ್ರವೇಶಿಸಲು ಅನುಮತಿಯಿರುವ ವೀಸಾ ಬೇಕು.

ಇನಿಷಿಯಲ್ ಬಿಡಿಸಿ ಬರೆಯುವ ಕೆಲಸ

ನಮ್ಮ ಕಡೆಯ ಗುಂಪುಗಳು ಹೆಚ್ಚು ಒದ್ದಾಡುವುದು ಹೆಸರಿನ ವಿಷಯದಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ “ಕೆ.ಬಿ.” ಎಂದಿರುತ್ತದೆ. ಕೆ ಎಂದರೆ ಊರು ಕೊಂಡಜ್ಜಿ, ಬಿ ಎಂದರೆ ತಂದೆ ಬಸಪ್ಪ. ಆಧಾರ್‌ನಲ್ಲಿ ಅದೇ ಅಕ್ಷರಗಳು ಹೆಸರಿನ ಹಿಂದೆ ಹೋಗಿರುತ್ತವೆ, ಪ್ಯಾನ್ ಕಾರ್ಡಿನಲ್ಲಿ ಬಿಡಿಸಿ ಬರೆದಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಪೂರ್ತಿ ಬಿಡಿಸಲೇಬೇಕು. ಹಾಗೆ ಬಿಡಿಸುವಾಗ ಉಪನಾಮದ ಜಾಗಕ್ಕೆ ಊರಿನ ಹೆಸರೋ, ತಂದೆಯ ಹೆಸರೋ ಎಂದು ಮನೆಯಲ್ಲಿ ಕೂತು ಒಮ್ಮೆ ತೀರ್ಮಾನಿಸಿ. ಆ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಕೊಡುತ್ತಾರೆ. ಆದರೆ ವಿಮಾನದ ಟಿಕೆಟ್ ಮಾಡುವ ಕಂಪ್ಯೂಟರ್ ಉಪನಾಮ ಕೇಳುತ್ತದೆ, ಒಂದೊಂದು ವಿಮಾನ ಕಂಪನಿಯದು ಒಂದೊಂದು ಪದ್ಧತಿ. ದುಬೈನಲ್ಲಿ ಎರಡು ದಿನ ಇಳಿದು ಹೋಗೋಣ ಎನ್ನುವವರು ಇನ್ನೂ ಎಚ್ಚರವಾಗಿರಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಪ್ರವಾಸಿಗರ ಪ್ರವೇಶಕ್ಕೆ ಸಂಯುಕ್ತ ಅರಬ್ ಸಂಸ್ಥಾನ 2022ರಲ್ಲೇ ನಿರ್ಬಂಧ ಹಾಕಿತ್ತು.

ನಮ್ಮಲ್ಲಿ ಒಬ್ಬನ ಟಿಕೆಟ್ಟಿನಲ್ಲಿ ಊರಿನ ಹೆಸರು ಬಿಟ್ಟುಹೋಗಿತ್ತು. ಬುಕ್ ಮಾಡಿದವನು ನಾನೇ, ವಾಟ್ಸ್‌ಆ್ಯಪ್‌ನಲ್ಲಿ ಅವನು ಕಳಿಸಿದ ಹೆಸರನ್ನು ನಂಬಿ ಟೈಪ್ ಮಾಡಿದ್ದೆ. ತಿದ್ದಿಸಲು ದುಡ್ಡೂ ಹೋಯಿತು, ಎರಡು ದಿನದ ನಿದ್ದೆಯೂ ಹೋಯಿತು. ಆಮೇಲಿಂದ ನಮ್ಮ ನಿಯಮ ಒಂದೇ: ಪಾಸ್‌ಪೋರ್ಟಿನ ಪುಟ ಎದುರಿಗಿಟ್ಟುಕೊಂಡು ಒಬ್ಬ ಓದಬೇಕು, ಇನ್ನೊಬ್ಬ ಟೈಪ್ ಮಾಡಬೇಕು.

ಹಳೆಯ ಪಾಸ್‌ಪೋರ್ಟ್ ಇದ್ದವರು ಮೂರು ಸಂಗತಿ ನೋಡಿಕೊಳ್ಳಿ. ಅದು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಯುರೋಪ್‌ನಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ವೀಸಾ ಯಾರ ಹತ್ತಿರ ಕೇಳಬೇಕು?

ಷೆಂಗೆನ್ ವೀಸಾ ಒಂದಿದ್ದರೆ 29 ದೇಶಗಳಲ್ಲಿ ಓಡಾಡಬಹುದು. ಆದರೆ ಅರ್ಜಿ ಹಾಕುವುದು ಒಂದೇ ದೇಶಕ್ಕೆ, ಹೆಚ್ಚು ದಿನ ಇರುವ ದೇಶಕ್ಕೆ. ಎಲ್ಲ ಕಡೆ ಸಮನಾಗಿ ಹಂಚಿದ್ದರೆ, ಗಡಿಯಲ್ಲಿ ಮೊದಲು ಕಾಲಿಡುವ ದೇಶಕ್ಕೆ. ಇಲ್ಲೊಂದು ಗಂಟು ಇದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ಪ್ರಾಗ್‌ಗೆ ಹೋದರೆ, ಗಡಿ ತಪಾಸಣೆ ನಡೆಯುವುದು ಫ್ರಾಂಕ್‌ಫರ್ಟ್‌ನಲ್ಲಿ. ಅಂದರೆ ಮೊದಲು ಕಾಲಿಟ್ಟ ದೇಶ ಜರ್ಮನಿ! ಈ ಗೊಂದಲವೇ ಬೇಡವೆಂದು ನಾವು ಪ್ರಾಗ್‌ಗೆ ಮೂರು, ವಿಯೆನ್ನಾಗೆ ನಾಲ್ಕು, ಬುಡಾಪೆಸ್ಟಿಗೆ ಮೂರು ರಾತ್ರಿ ಹಾಕಿ, ಐವರೂ ಆಸ್ಟ್ರಿಯಾಕ್ಕೇ ಅರ್ಜಿ ಹಾಕಿದೆವು. ಯಾವುದಾದರೂ ಒಂದು ದೇಶಕ್ಕೆ ಒಂದು ರಾತ್ರಿ ಹೆಚ್ಚು ಕೊಟ್ಟುಬಿಡಿ, ಕೆಲಸ ಹಗುರಾಗುತ್ತದೆ.

ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಮೇ ತಿಂಗಳಲ್ಲಿ ಹೊರಡುವವರು ಫೆಬ್ರುವರಿಗೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯಬಹುದು. ದೊಡ್ಡವರಿಗೆ ಶುಲ್ಕ 90 ಯೂರೋ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ವೀಸಾ ಸಿಗದಿದ್ದರೆ ಈ ದುಡ್ಡು ವಾಪಸ್ ಬರುವುದಿಲ್ಲ. ಬೆರಳಚ್ಚು ಕೊಡಲು ಐವರೂ ಖುದ್ದಾಗಿ ಹೋಗಬೇಕು. ಹಿಂದಿನ 59 ತಿಂಗಳಲ್ಲಿ ಕೊಟ್ಟವರಿಗೆ ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ, ಅದು ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸಬೇಕು.

ಸಂಬಳದವರಿಗೆ ದಾಖಲೆ ಸುಲಭ: ರಜೆ ಪತ್ರ, ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್. ಅಂಗಡಿಯವರಿಗೆ ಜಿಎಸ್‌ಟಿ ದಾಖಲೆ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಪ್ರಶ್ನೆ ಏಳುವುದು ಅಡಿಕೆ ತೋಟದವರಿಗೆ. ಚನ್ನಗಿರಿ ಕಡೆಯ ನಮ್ಮ ಗೆಳೆಯನಿಗೆ ಒಳ್ಳೆಯ ಆದಾಯವಿದೆ. ಆದರೆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಅವನು ರಿಟರ್ನ್ ಸಲ್ಲಿಸಿದ್ದೂ ಇಲ್ಲ. ಅವನು ಪಹಣಿಯನ್ನು ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿದ. ಅಡಿಕೆ ಮಾರಿದ ರಸೀದಿಗಳನ್ನೂ, ಅದೇ ಹಣ ಖಾತೆಗೆ ಬಂದ ಬ್ಯಾಂಕ್ ಪುಟಗಳನ್ನೂ ಜೋಡಿಸಿದ. ತನಗೆ ತೋಟವಿದೆ, ಹಿಂತಿರುಗಿ ಬಂದು ಅದನ್ನು ನೋಡಿಕೊಳ್ಳಬೇಕು ಎಂದು ಒಂದು ಪುಟದ ಪತ್ರ ಬರೆದ. ಐವರಿಗೂ ಒಂದೇ ದಿನ ವೀಸಾ ಬಂತು. ಅರ್ಜಿಗೆ ವಾರದ ಮುಂಚೆ ಯಾರದೋ ಹತ್ತಿರ ಸಾಲ ತಂದು ಖಾತೆಗೆ ತುಂಬುವುದು ಮಾತ್ರ ಬೇಡ. ನೋಡುವವರಿಗೆ ಅದೇ ಅನುಮಾನದ ಮೂಲವಾಗುತ್ತದೆ.

ಟಿಕೆಟ್, ಕೋಣೆ

ಹೋಗಿಬರುವ ಟಿಕೆಟ್ ಒಂದೇ ಊರಿಗೆ ಮಾಡಿಸಬೇಡಿ. ‘ಮಲ್ಟಿ ಸಿಟಿ’ ಎಂಬ ಆಯ್ಕೆಯಲ್ಲಿ ಪ್ರಾಗ್‌ಗೆ ಹೋಗುವುದು, ಬುಡಾಪೆಸ್ಟಿನಿಂದ ಬರುವುದು ಎಂದು ಹಾಕಿ. ಬಂದ ದಾರಿಯಲ್ಲೇ ತಿರುಗಿ ಹೋಗುವ ಒಂದು ದಿನ ಉಳಿಯುತ್ತದೆ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಕ್ಕೆ ಕಳಿಸುವ ಹೊಣೆ ಕಂಪನಿಯದು. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಕೋಣೆ, ರದ್ದು ಮಾಡಬಹುದಾದ ಟಿಕೆಟ್ಟನ್ನೇ ಇಟ್ಟುಕೊಳ್ಳಿ. ರೈಲು ಟಿಕೆಟ್ ವೀಸಾ ಬಂದ ದಿನವೇ ಕೊಳ್ಳಿ, ಮುಂಚೆ ಕೊಂಡಷ್ಟೂ ಅಗ್ಗ.

ಐವರಿಗೆ ಹೋಟೆಲಿನ ಮೂರು ಕೋಣೆಗಿಂತ ಅಡುಗೆಮನೆಯಿರುವ ಒಂದು ಅಪಾರ್ಟ್‌ಮೆಂಟ್ ಒಳ್ಳೆಯದು. ಸಸ್ಯಾಹಾರಿಗಳಿಗಂತೂ ಅದೇ ಸರಿ, ಏಕೆಂದರೆ ಅಲ್ಲಿ ತರಕಾರಿ ಸೂಪ್ ಎಂದಿದ್ದರೂ ಮಾಂಸದ ರಸದಲ್ಲಿ ಬೇಯಿಸಿರುವುದುಂಟು.

ಬುತ್ತಿಯಲ್ಲಿ ಏನಿರಬಾರದು

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ, ಸಾರಿನ ಪುಡಿ ಧಾರಾಳವಾಗಿ ಒಯ್ಯಿರಿ. ಬೆಣ್ಣೆ, ತುಪ್ಪ, ಪೇಡೆ ಮಾತ್ರ ಮನೆಯಲ್ಲೇ ಬಿಡಿ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. “ನಮ್ಮೂರ ಬೆಣ್ಣೆ ರುಚಿ ತೋರಿಸ್ತೀನಿ” ಎಂದು ಡಬ್ಬಿ ತಂದಿದ್ದ ಗೆಳೆಯನ ಕೈಯಿಂದ ಅದನ್ನು ಇಲ್ಲೇ ತೆಗೆಸಿದೆವು. ಮೇ ತಿಂಗಳ ಮಾವಿನಹಣ್ಣೂ, ಕರಿಬೇವೂ ಬೇಡ. ಬಾಳೆ, ತೆಂಗು, ಅನಾನಸ್, ಖರ್ಜೂರ, ಡುರಿಯನ್ ಬಿಟ್ಟರೆ ಹಸಿ ಹಣ್ಣು ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ.

ದುಡ್ಡಿನ ಲೆಕ್ಕ ಒಬ್ಬನ ಕೈಲಿ

ನಾಲ್ಕು ದೇಶಕ್ಕೆ ಮೂರು ನಾಣ್ಯ: ಆಸ್ಟ್ರಿಯಾ, ಸ್ಲೊವಾಕಿಯಾದಲ್ಲಿ ಯೂರೋ, ಚೆಕ್‌ನಲ್ಲಿ ಕೊರುನಾ, ಹಂಗೆರಿಯಲ್ಲಿ ಫೋರಿಂಟ್. ವಿದೇಶಿ ಹಣ ಮುಂಚೆಯೇ ತುಂಬಿಸಿಡುವ ಫಾರೆಕ್ಸ್ ಕಾರ್ಡಿನಲ್ಲಿ ಯೂರೋ ಹಾಕಿಸಿ, ಸ್ವಲ್ಪ ಯೂರೋ ನೋಟು ಜೇಬಲ್ಲಿಡಿ. ಕಾರ್ಡ್ ಯಂತ್ರ ‘ರೂಪಾಯಿಯಲ್ಲೋ, ಕೊರುನಾದಲ್ಲೋ’ ಎಂದು ಕೇಳಿದರೆ ಕೊರುನಾ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ. ಪ್ರಾಗ್‌ನ ಪೇಟೆಬೀದಿಯ ನೋಟು ಬದಲಿಸುವ ಅಂಗಡಿಯಲ್ಲಿ ಮೋಸವೆನಿಸಿದರೆ ರಸೀದಿ ಎಸೆಯಬೇಡಿ. 2019ರಿಂದ ಜಾರಿಯಲ್ಲಿರುವ ಚೆಕ್ ಕಾನೂನಿನಂತೆ 1,000 ಯೂರೋವರೆಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು.

ಊಟ, ಟ್ರ್ಯಾಮ್, ಟಿಕೆಟ್ ಎಲ್ಲಕ್ಕೂ ಒಬ್ಬನೇ ಖಜಾಂಚಿ ಇರಲಿ. ರಾತ್ರಿ ಮಲಗುವ ಮುಂಚೆ ಲೆಕ್ಕ ಗುಂಪಿಗೆ ಹಾಕಲಿ. “ಇರ್ಲಿ ಬಿಡೋ, ಆಮೇಲೆ ನೋಡೋಣ” ಎಂದು ಊರಿಗೆ ಬಂದು ನೋಡುವ ಲೆಕ್ಕ ಗೆಳೆತನಕ್ಕೆ ಒಳ್ಳೆಯದಲ್ಲ.

ಅಲ್ಲಿ ಇಳಿದ ಮೇಲೆ

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಯಲ್ಲಿ ಮುಖದ ಫೋಟೊ, ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ವಿಮಾನ ಬದಲಿಸಲು ಮೂರು ಗಂಟೆ ಇಟ್ಟುಕೊಳ್ಳಿ. ಪ್ರಾಗ್, ಬುಡಾಪೆಸ್ಟ್‌ಗಳಲ್ಲಿ ಟ್ರ್ಯಾಮ್, ಮೆಟ್ರೊಗೆ ಕಾಗದದ ಟಿಕೆಟ್ ಕೊಂಡರೆ ಸಾಲದು, ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಇಲ್ಲದಿದ್ದರೆ ದಂಡ. ದೇಶದಿಂದ ದೇಶಕ್ಕೆ ರೈಲಿನಲ್ಲಿ ಹೋಗುವಾಗಲೂ ಪಾಸ್‌ಪೋರ್ಟ್ ಕೈಯಲ್ಲಿರಲಿ, ಪೊಲೀಸರು ಹತ್ತಿ ಕೇಳುವುದುಂಟು. ವಿಯೆನ್ನಾದಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಅಕ್ಕಿ, ಮೊಸರು ತಂದಿಡಿ. ನೀರು ಕೊಳ್ಳಬೇಡಿ, ಆಲ್ಪ್ಸ್ ಬೆಟ್ಟಗಳ ಒರತೆಯ ನೀರೇ ಆ ಊರಿನ ನಲ್ಲಿಯಲ್ಲಿ ಬರುತ್ತದೆ.

ನೋಡುವ ಜಾಗಗಳನ್ನು ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಇಟ್ಟುಕೊಂಡು ಸಂಜೆ ಖಾಲಿ ಬಿಡಿ. ಮೇ ತಿಂಗಳಲ್ಲಿ ರಾತ್ರಿ ಎಂಟು ದಾಟಿದರೂ ಬೆಳಕಿರುತ್ತದೆ. ಬುಡಾಪೆಸ್ಟ್ ನಮ್ಮ ಹುಬ್ಬಳ್ಳಿ-ಧಾರವಾಡದ ಹಾಗೆ ಕೂಡಿಸಿದ ಊರು, 1873ರಲ್ಲಿ ಬುಡಾ, ಓಬುಡಾ, ಪೆಸ್ಟ್ ಒಂದಾದವು. 1849ರಲ್ಲಿ ತೆರೆದ ಸರಪಳಿ ಸೇತುವೆಯ ಮೇಲೆ ಐವರೂ ಯಾವ ಯೋಜನೆಯೂ ಇಲ್ಲದೆ ಆಚೆಗೂ ಈಚೆಗೂ ನಡೆದ ಆ ಸಂಜೆಗೆ, ಮೊದಲ ಪಟ್ಟಿಯ ಏಳು ದೇಶಗಳಲ್ಲಿ ಎಲ್ಲಿಯೂ ಜಾಗ ಸಿಗುತ್ತಿರಲಿಲ್ಲ.

ಹೊರಡುವ ರಾತ್ರಿ

ದಾವಣಗೆರೆಯಿಂದ ಕಾರಿನಲ್ಲಿ ಹೋಗುವವರು ಬೆಂಗಳೂರಿನ ಒಳಗೆ ನುಗ್ಗಬೇಕಾಗಿಲ್ಲ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ನೇರ ದೇವನಹಳ್ಳಿ. ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಿ. ಬ್ಯಾಗು ಕೌಂಟರಿನಲ್ಲಿ ಕೊಟ್ಟಾಗ ಅದಕ್ಕೆ ಅಂಟಿಸುವ ಚೀಟಿಯನ್ನು ಐವರೂ ಓದಿ. ನಡುವೆ ವಿಮಾನ ಬದಲಿಸುವ ಊರಿನದಲ್ಲ, ಪ್ರಾಗ್‌ನ ಪಿ-ಆರ್-ಜಿ ಎಂಬ ಮೂರಕ್ಷರ ಅದರಲ್ಲಿ ದೊಡ್ಡದಾಗಿ ಇರಬೇಕು.