ಪಹಣಿ ಮಾರ್ಗದರ್ಶಿಗೆ ಪುಟವಿನ್ಯಾಸ ಆರಿಸಿದ ಬಗೆ: ನನ್ನ ಅನುಭವ

ಕರ್ನಾಟಕ ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡುವ ವಿಧಾನವನ್ನು ಕನ್ನಡದಲ್ಲಿ ವಿವರಿಸುವ ಮಾರ್ಗದರ್ಶಿಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಏನು ಬರೆಯಬೇಕೆಂಬುದು ಬೇಗನೆ ತೀರ್ಮಾನವಾಯಿತು. ಪುಟವನ್ನು ಹೇಗೆ ಜೋಡಿಸಬೇಕೆಂಬುದಕ್ಕೇ ಹೆಚ್ಚು ಸಮಯ ಹಿಡಿಯಿತು. ತಾಂತ್ರಿಕ ಕೈಪಿಡಿಗಳಲ್ಲಿ ರೂಢಿಯಲ್ಲಿರುವುದು ಮೂರು ಅಂಕಣಗಳ ವಿನ್ಯಾಸ: ಎಡಕ್ಕೆ ಇಡೀ ಕೈಪಿಡಿಯ ಪರಿವಿಡಿ, ನಡುವೆ ಪಠ್ಯ, ಬಲಕ್ಕೆ ಆ ಪುಟದ ಉಪಶೀರ್ಷಿಕೆಗಳು. ನೂರಾರು ಪುಟಗಳ ಸಾಫ್ಟ್‌ವೇರ್ ದಾಖಲೆಗಳಿಗೆ ಅದು ಒಪ್ಪುತ್ತದೆ. ಪಹಣಿ ಹುಡುಕುವವರಾದರೋ ಒಂದೇ ಕೆಲಸಕ್ಕೆ ಬಂದವರು, ಅದೂ ಬಹುಪಾಲು ಮೊಬೈಲಿನಲ್ಲಿ ನೋಡುವವರು. ಆದ್ದರಿಂದ ಒಂದೇ ಅಂಕಣದ ಪುಟವನ್ನು ಆರಿಸಿಕೊಂಡೆ.

ಈ ಆಯ್ಕೆಗೆ ಕನ್ನಡದ ಸ್ವಭಾವವೂ ಕಾರಣ. ನಮ್ಮಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ‘ನಮೂದಿಸಬೇಕಾಗಿರುವುದರಿಂದ’ ಎಂಬಂಥ ಪದವೊಂದೇ ಕಿರಿದಾದ ಅಂಕಣದ ಸಾಲನ್ನು ಮುಕ್ಕಾಲು ತುಂಬಿಬಿಡುತ್ತದೆ, ಮುಂದಿನ ಪದ ಕೆಳಗಿಳಿದು ಬಲಬದಿಯಲ್ಲಿ ದೊಡ್ಡ ಖಾಲಿ ಜಾಗ ಉಳಿಯುತ್ತದೆ. ಎರಡೂ ಅಂಚುಗಳನ್ನು ಸಮಗೊಳಿಸಿದರೆ ಪದಗಳ ನಡುವಿನ ಅಂತರ ಹಿಗ್ಗಿ ಇನ್ನಷ್ಟು ವಿಕಾರವಾಗುವುದರಿಂದ ಎಡಬದಿಯನ್ನು ಮಾತ್ರ ನೇರವಾಗಿಟ್ಟೆ. ಸಾಲುಗಳ ಅಂತರಕ್ಕೂ ಇಂಗ್ಲಿಷಿನ ಅಳತೆ ಸಾಲದು. ‘ವಿಸ್ತೀರ್ಣ’, ‘ಕ್ಷೇತ್ರ’ ಮುಂತಾದ ಪದಗಳಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ‘ರಾಷ್ಟ್ರ’ದಲ್ಲಿ ಎರಡು ಒತ್ತುಗಳಿವೆ; ಮುಂದಿನ ಸಾಲಿನ ಗುಡಿಸು (ಅಕ್ಷರದ ಮೇಲೆ ಬರುವ ಇಕಾರದ ಚಿಹ್ನೆ) ಅದಕ್ಕೆ ತಾಗಬಾರದು. ‘ನೋಟೋ ಸಾನ್ಸ್ ಕನ್ನಡ’ ಎಂಬ ಫಾಂಟಿನ ಅಕ್ಷರಗಳಿಗೆ ಗಾತ್ರದ 1.8ರಷ್ಟು ಸಾಲಿನ ಎತ್ತರ ಕೊಟ್ಟ ಮೇಲೆ ಪುಟ ಉದ್ದವಾಯಿತಾದರೂ ಓದು ಸಲೀಸಾಯಿತು. ಪುಟ ಉದ್ದವಾಗುವುದಕ್ಕೆ ವಿನ್ಯಾಸಕಾರರು ಅಂಜುವಷ್ಟು ಓದುಗರು ಅಂಜುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಹಂತಗಳ ಜೋಡಣೆಯಲ್ಲಿ ಜಾಲತಾಣದ ಕ್ರಮವನ್ನೇ ಅನುಸರಿಸಿದೆ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್ (ಸರ್ವೆ ನಂಬರಿನ ಜೊತೆಗಿರುವ ಉಪಗುರುತು), ಹಿಸ್ಸಾ (ಆ ನಂಬರಿನ ಪಾಲು), ಅವಧಿ. ಮೊದಲ ನಾಲ್ಕನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲವಾದ್ದರಿಂದ ಒಂದೇ ಹಂತದಲ್ಲಿ ಮುಗಿಸಿದೆ. ಜನ ನಿಂತುಬಿಡುವುದು ಸರ್ನೋಕ್ ಬಳಿ, ಏಕೆಂದರೆ ಅಲ್ಲಿ ಎಷ್ಟೋ ಸಲ ಬರೀ ನಕ್ಷತ್ರ ಚಿಹ್ನೆಯೊಂದೇ ಕಾಣಿಸುತ್ತದೆ, ಅದನ್ನೇ ಆರಿಸಬೇಕೆಂದು ಹೊಸಬರಿಗೆ ಹೊಳೆಯುವುದಿಲ್ಲ. ಆ ಹಂತಕ್ಕೆ ಪ್ರತ್ಯೇಕ ಶೀರ್ಷಿಕೆ ಕೊಟ್ಟು, ಪರದೆಯ ಚಿತ್ರದಿಂದ ಆ ಪೆಟ್ಟಿಗೆಯನ್ನಷ್ಟೇ ಕತ್ತರಿಸಿ, ಸೂಚನೆಯ ಕೆಳಗೆ ಇರಿಸಿದೆ. ಇಡೀ ಪರದೆಯ ಚಿತ್ರ ಹಾಕಿದರೆ ಮೊಬೈಲಿನಲ್ಲಿ ಅಕ್ಷರಗಳು ಓದಲಾಗದಷ್ಟು ಕುಗ್ಗುತ್ತವೆ. ಚಿತ್ರವನ್ನು ಪಠ್ಯದ ಪಕ್ಕದಲ್ಲಿಟ್ಟರೆ ಎರಡೂ ಇಕ್ಕಟ್ಟಾಗುತ್ತವೆ.

ಜಾಲಪುಟಗಳು ಎಲ್ಲರಿಗೂ ಬಳಸಲು ಸಿಗುವಂತಿರಬೇಕೆನ್ನುವ 2018ರ ಡಬ್ಲ್ಯೂಸಿಎಜಿ 2.1 ಮಾನದಂಡದ ಪ್ರಕಾರ, 320 ಸಿಎಸ್‌ಎಸ್ ಪಿಕ್ಸೆಲ್ (ಜಾಲಪುಟದ ಅಳತೆಯ ಏಕಮಾನ) ಅಗಲದ ಪರದೆಯಲ್ಲಿ ಪಠ್ಯವನ್ನು ಅಡ್ಡಕ್ಕೂ ಸರಿಸಿ ಓದಬೇಕಾದ ಪರಿಸ್ಥಿತಿ ಬರಬಾರದು. ಕೋಷ್ಟಕಗಳಿಗೆ ಆ ಮಾನದಂಡದಲ್ಲಿ ವಿನಾಯಿತಿ ಇದೆಯಾದರೂ, ಪಹಣಿಯ ಕಾಲಂಗಳನ್ನು ವಿವರಿಸುವ ಭಾಗವನ್ನು ಕೋಷ್ಟಕ ಮಾಡದೆ ಒಂದರ ಕೆಳಗೊಂದರಂತೆ ಬರೆದೆ: ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ. ಬ್ಯಾಂಕ್ ಸಾಲದ ವಿಚಾರಕ್ಕೆ ಬಂದವರು 11ನ್ನೇ ಹುಡುಕುತ್ತಾರೆ. ಆದಕಾರಣ ಪುಟದ ಮೇಲ್ಭಾಗದ ಚಿಕ್ಕ ಪರಿವಿಡಿಯಿಂದ ಅಲ್ಲಿಗೆ ನೇರ ಕೊಂಡಿ ಇದೆ.

ಒತ್ತಿದರೆ ತೆರೆದುಕೊಳ್ಳುವ ಮಡಿಕೆಗಳನ್ನು ಬಳಸಬೇಕೆಂಬ ಸಲಹೆ ಬಂದಿತ್ತು. ಪುಟ ಅಚ್ಚುಕಟ್ಟಾಗಿ ಕಾಣುತ್ತದೆ ನಿಜ, ಆದರೆ ಊರಿನ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳುವವರಿಗೆ ಮಡಿಸಿಟ್ಟ ಪಠ್ಯ ಕಾಗದದ ಮೇಲೆ ಬರುವುದಿಲ್ಲ. ಆದ್ದರಿಂದ ಎಲ್ಲವನ್ನೂ ತೆರೆದೇ ಇಟ್ಟು, ಮುದ್ರಣಕ್ಕೆಂದು ಪ್ರತ್ಯೇಕ ಶೈಲಿ ಬರೆದು, ಯಾವ ಹಂತವೂ ತನ್ನ ಚಿತ್ರದಿಂದ ಬೇರ್ಪಟ್ಟು ಮುಂದಿನ ಹಾಳೆಗೆ ಹೋಗದಂತೆ ನೋಡಿಕೊಂಡೆ. ಜಾಲತಾಣದ ಪರದೆಗಳು ಆಗಾಗ ಬದಲಾಗುವುದರಿಂದ, ಚಿತ್ರಗಳನ್ನು ಯಾವ ತಿಂಗಳು ತೆಗೆದದ್ದೆಂಬುದನ್ನು ಶೀರ್ಷಿಕೆಯ ಕೆಳಗೇ, ಮುದ್ರಿತ ಪ್ರತಿಯಲ್ಲೂ ಕಾಣುವಂತೆ ನಮೂದಿಸಿದ್ದೇನೆ.